ಫಿಟ್ಸ್ ಹಳ್ಳಿಗಳಲ್ಲೇ ಜಾಸ್ತಿನಾ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಇಳಿಸುತ್ತಿದ್ದ ಹುಡುಗನಿಗೆ ಫಿಟ್ಸ್ ಬಂತು. ಸುತ್ತ ನಿಂತವರು ಕೈಗೆ ಕೀ ಗೊಂಚಲು ತುರುಕಿದರು. ನಮ್ಮ ಜಗಳೂರು ಕಡೆ ಹಳ್ಳಿಗಳಲ್ಲೂ ಇದನ್ನು ಆಗಾಗ ನೋಡುತ್ತೇನೆ. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿನಾ?

ಉತ್ತರ 1: ಹೌದು. ನಿಮ್ಹಾನ್ಸ್‌ನವರು ಬೆಂಗಳೂರು ಸುತ್ತ ಮಾಡಿದ ಸಮೀಕ್ಷೆಯಲ್ಲಿ ಮೂರ್ಛೆರೋಗ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12 ಜನರಿಗೆ, ನಗರದಲ್ಲಿ ಅದರ ಅರ್ಧದಷ್ಟು ಜನರಿಗೆ ಇತ್ತು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗಿದೆ, ಹೆಚ್ಚಿನವರು ಬಡ ದೇಶಗಳವರೇ. ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು, ಮಿದುಳು ಜ್ವರ, ತಲೆಗೆ ಪೆಟ್ಟು, ಹೊಲಸು ನೀರು ಅಥವಾ ಸೊಪ್ಪಿನಿಂದ ಹೊಟ್ಟೆ ಸೇರುವ ಲಾಡಿಹುಳುವಿನ ಮೊಟ್ಟೆ, ಫಿಟ್ಸ್ ತರುವ ಇವೆಲ್ಲ ಹಳ್ಳಿಗಳಲ್ಲಿ ಜಾಸ್ತಿ ಅಲ್ವಾ?

ಉತ್ತರ 2: ಒಂದು ಸಲ ಬಂದ ಮಾತ್ರಕ್ಕೆ ಮೂರ್ಛೆರೋಗ ಅನ್ನಬೇಡಿ. ದಯವಿಟ್ಟು ಕೀ, ಕಬ್ಬಿಣ ಹಿಡಿಸಬೇಡಿ, ಅದರಿಂದ ಏನೂ ಆಗಲ್ಲ. ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.