‘ಎ’ ಅಕ್ಷರದಿಂದ ಆರಂಭವಾಗುವ ಕನ್ನಡ ಹಾಡುಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ:
ನಮ್ಮ ಬಡಾವಣೆಯ ಗಾಯನ ಬಳಗದಲ್ಲಿ ಪ್ರತಿ ತಿಂಗಳೂ ಒಂದು ಅಕ್ಷರವನ್ನು ಆಯ್ದುಕೊಂಡು, ಅದರಿಂದಲೇ ಆರಂಭವಾಗುವ ಹಾಡುಗಳನ್ನು ಹಾಡುವ ರೂಢಿಯಿದೆ. ಈ ಸಲದ ಅಕ್ಷರ ‘ಎ’. 1974ರ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಎಲ್ಲರಿಗೂ ಒಡನೆಯೇ ನೆನಪಾಯಿತು, ಜಿ. ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಕೂಡ. ಅಲ್ಲಿಂದ ಮುಂದಕ್ಕೆ ಪಟ್ಟಿ ಬೆಳೆಯುತ್ತಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಹುಡುಕಿದರೆ ‘ಈ ಸಂಭಾಷಣೆ’ಯಂಥ ಹಾಡುಗಳೂ ಅದರೊಳಗೇ ಬೆರೆತು ಬರುತ್ತವೆ. ಎಲ್ಲರಿಗೂ ಗೊತ್ತಿರುವ ನಾಲ್ಕು ಹಾಡುಗಳಲ್ಲೇ ಸುತ್ತುವ ಬದಲು ಹೊಸದನ್ನು ಕಲಿಯಬೇಕೆಂಬ ಆಸೆ ನಮ್ಮದು. ಹುಡುಕುವ ದಾರಿ ಯಾವುದು? ‘ಏ’ಕಾರದ ಹಾಡುಗಳನ್ನೂ ಇದರಲ್ಲೇ ಸೇರಿಸಬಹುದೇ?

ಉತ್ತರ 1:
ಮೊದಲು ಕನ್ನಡ ಲಿಪಿಯಲ್ಲೇ ಹುಡುಕಿ. ಮಾತಿನಲ್ಲಿ ನಾವು ‘ಎಲ್ಲಿ’ ಎಂಬುದನ್ನು ‘ಯೆಲ್ಲಿ’ ಎಂದೇ ಹೇಳುವುದರಿಂದ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು ‘ಇ’ ಹಾಕಿದರೆ ಇನ್ನೊಬ್ಬರು ‘ವೈ’ ಹಾಕಿರುತ್ತಾರೆ, ಹೀಗಾಗಿ ಒಂದೇ ಹಾಡು ಎರಡು ಕಡೆ ಹಂಚಿಹೋಗಿರುತ್ತದೆ.

ಅದಕ್ಕಿಂತ ಒಳ್ಳೆಯ ದಾರಿಯೆಂದರೆ ದಾಸರ ಪದಗಳ ಸಂಗ್ರಹಗಳ ಕೊನೆಯಲ್ಲಿರುವ ಅಕಾರಾದಿ. ಅಲ್ಲಿ ಪಲ್ಲವಿಯ ಮೊದಲ ಸಾಲೇ ಹಾಡಿನ ಹೆಸರು. ಭಾವಗೀತೆಗಳಲ್ಲಿ ಮಾತ್ರ ಎಚ್ಚರ ಬೇಕು. ಬೇಂದ್ರೆಯವರ ‘ಮೂಡಲ ಮನೆಯಾ ಮುತ್ತಿನ ನೀರಿನ’ ಪುಸ್ತಕದಲ್ಲಿ ‘ಬೆಳಗು’ ಎಂಬ ಶೀರ್ಷಿಕೆಯಡಿ ಇದೆ. ‘ಇಳಿದು ಬಾ ತಾಯಿ’ ಬೇಕಾದವರು ‘ಗಂಗಾವತರಣ’ವನ್ನು ತೆರೆಯಬೇಕು. ಆದುದರಿಂದ ಕವನ ಸಂಕಲನದ ಪರಿವಿಡಿಯನ್ನಷ್ಟೇ ನೋಡಿ, ಈ ಅಕ್ಷರದ ಹಾಡು ಇದರಲ್ಲಿಲ್ಲ ಎಂದು ಪುಸ್ತಕ ಮುಚ್ಚಬೇಡಿ. ಒಳಗಿನ ಮೊದಲ ಸಾಲುಗಳ ಮೇಲೆ ಕಣ್ಣಾಡಿಸಿ.

ಉತ್ತರ 2:
ನೀವು ಆಯ್ದುಕೊಂಡಿರುವುದು ಬಹಳ ಸಮೃದ್ಧವಾದ ಅಕ್ಷರ. ಎಲ್ಲಿ, ಎಂದು, ಎಂಥ, ಎಷ್ಟು ಎಂದು ಕನ್ನಡದಲ್ಲಿ ಪ್ರಶ್ನೆ ಕೇಳುವ ಪದಗಳು ಇಲ್ಲೇ ನೆರೆದಿರುವುದರಿಂದ, ಈ ಹಾಡುಗಳಲ್ಲಿ ಹಲವು ಹುಡುಕಾಟದ ಹಾಡುಗಳೇ ಆಗಿವೆ. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ‘ಎಲ್ಲಿ ಜಾರಿತೋ ಮನವು’ ಹಾಡಿನಲ್ಲಿ ಕಳೆದುಹೋದದ್ದು ಮನಸ್ಸು. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’ ಹಾಡಿನಲ್ಲಿ ಕಲ್ಲು ಮಣ್ಣುಗಳ ಗುಡಿಯೊಳಗೆ ಸಿಗದೇ ಹೋದದ್ದು ದೇವರು. ಈ ಎರಡನ್ನೂ ಒಂದಾದ ಮೇಲೊಂದರಂತೆ ಹಾಡಿ ನೋಡಿ, ಹುಡುಕುವ ಎರಡು ದನಿಗಳು ಎದುರುಬದುರು ಕುಳಿತಂತೆ ಕೇಳಿಸುತ್ತದೆ.

ಹಿಂದಕ್ಕೆ ಹೋದರೆ ಕನಕದಾಸರ ‘ಎಲ್ಲಾರು ಮಾಡುವುದು ಹೊಟ್ಟೆಗಾಗಿ, ಗೇಣು ಬಟ್ಟೆಗಾಗಿ’ ಇದೆ. ವೇದಶಾಸ್ತ್ರ ಓದುವವನನ್ನೂ ಕತ್ತಿ ಹಿಡಿದ ಭಟನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಪದವನ್ನು ಬಳಗದ ಎಲ್ಲರೂ ಕೂಡಿ ಹಾಡಬಹುದು. ಶಿಶುನಾಳ ಶರೀಫರ ‘ಎಲ್ಲರಂಥವನಲ್ಲ ನನ್ನ ಗಂಡ’ ಹೆಂಡತಿಯ ದನಿಯಲ್ಲಿರುವ ತತ್ವಪದ. ಗಂಡನನ್ನು ದೂರುತ್ತಲೇ ಕೊಂಡಾಡುವ ಆ ಮಾತಿನ ವರಸೆ ಹಾಡುವವರಿಗೆ ಒಗ್ಗಿದರೆ ಕೇಳುವವರು ಸುಮ್ಮನೆ ಕೂರಲಾರರು. ಜನಪದದಿಂದ ‘ಎಲ್ಲಿ ಕಾಣೆ ಎಲ್ಲಿ ಕಾಣೆನೋ’ ಎಂಬ ಎಲ್ಲಮ್ಮನ ಹಾಡನ್ನು ಖಂಡಿತ ಬಿಡಬೇಡಿ. ದೇವಿಯ ಹೆಸರೂ ಅದೇ ಅಕ್ಷರದ್ದಾದ್ದರಿಂದ ‘ಎಲ್ಲ’ ಎಂಬ ನಾದ ಸಾಲಿನುದ್ದಕ್ಕೂ ಮರುಕಳಿಸುತ್ತದೆ. ಚೌಡಿಕೆ ನುಡಿಸುವವರು ಸಿಕ್ಕರೆ ಬೇರೆ ಪಕ್ಕವಾದ್ಯವೇ ಬೇಡ.

ಕುವೆಂಪು ಅವರದನ್ನು ಎಲ್ಲರೂ ಬಲ್ಲರು. ಆದರೂ ‘ಎಲ್ಲಾದರು ಇರು, ಎಂತಾದರು ಇರು, ಎಂದೆಂದಿಗು ನೀ ಕನ್ನಡವಾಗಿರು’ ಎಂಬಲ್ಲಿ ಮೂರು ತುಣುಕುಗಳೂ ನಿಮ್ಮ ಅಕ್ಷರದಿಂದಲೇ ಏಳುತ್ತವೆ ಎಂಬುದನ್ನು ಗಮನಿಸಿ.

ಉತ್ತರ 3:
‘ಏ’ಕಾರವನ್ನು ಬೇರೆ ಇಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ವರ್ಣಮಾಲೆಯಲ್ಲಿ ಅವು ಎರಡು ಸ್ವರಗಳು, ಅಕಾರಾದಿಯಲ್ಲೂ ಬೇರೆ ಬೇರೆ. ಸೇರಿಸಿಬಿಟ್ಟರೆ ಪುರಂದರದಾಸರ ‘ಏನು ಧನ್ಯಳೋ ಲಕುಮಿ’ ಮತ್ತು ಡಿವಿಜಿಯವರು ಬೇಲೂರಿನ ಮದನಿಕೆಯರನ್ನು ಕುರಿತು ಬರೆದ ಅಂತಃಪುರಗೀತೆಗಳಲ್ಲಿನ ‘ಏನೀ ಮಹಾನಂದವೇ’ ಇಂಥವು ಗುಂಪಿನಲ್ಲಿ ಕರಗಿಹೋಗುತ್ತವೆ. ಅವುಗಳಿಗೇ ಒಂದು ಸಂಜೆಯನ್ನು ಮೀಸಲಿಡಬಹುದು. ವ್ಯಂಜನಗಳ ಸರದಿ ಬಂದಾಗ ಮಾತ್ರ ಕಾಗುಣಿತವನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳಿ, ಇಲ್ಲವಾದರೆ ‘ಕೌ’, ‘ಕೈ’ಗಳಿಗೆ ಹಾಡು ಸಿಗದೆ ಪರದಾಡಬೇಕಾಗುತ್ತದೆ. ‘ಳ’, ‘ಣ’ಗಳಿಂದ ಕನ್ನಡದ ಮಾತು ಆರಂಭವಾಗುವುದಿಲ್ಲವಾದ್ದರಿಂದ ಅವನ್ನು ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ‘ಏ’ಕಾರವನ್ನು ಮುಂದಿನ ತಿಂಗಳಿಗೆ ಇಡುತ್ತೇವೆ. ಈ ಬಾರಿ ಕನಕದಾಸರಿಂದ ಆರಂಭಿಸಿ, ಶರೀಫರ ಪದವನ್ನು ಹೊಸದಾಗಿ ಕಲಿತು ಹಾಡುವುದೆಂದು ನಿಶ್ಚಯಿಸಿದ್ದೇವೆ. ಎಲ್ಲಮ್ಮನ ಹಾಡಿನ ಪೂರ್ಣ ಪಾಠ ಮತ್ತು ಮಟ್ಟು ತಿಳಿದವರು ಇಲ್ಲಿ ಬರೆದರೆ ಉಪಕಾರವಾಗುತ್ತದೆ. ಊರಿಂದ ಊರಿಗೆ ಸಾಲುಗಳು ಬದಲಾಗುವ ಹಾಡಾದ್ದರಿಂದ, ನಿಮ್ಮದು ಯಾವ ಸೀಮೆಯ ಪಾಠ ಎಂಬುದನ್ನೂ ದಯವಿಟ್ಟು ತಿಳಿಸಿ.