‘ಗುಂಪು ಚಿಕಿತ್ಸೆ’: ಗುಂಪಿಗೋ, ಗುಂಪಿನಿಂದಲೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನಲ್ಲಿ ಆಪ್ತಸಮಾಲೋಚಕಿ. ಕುಡಿತ ಬಿಡಲು ಬರುವವರಿಗೆ, ಅವರ ಮನೆಯವರಿಗೆ ಅಂತ ಒಂದು ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಗ್ರೂಪ್ ಥೆರಪಿಗೆ, ಅಂದರೆ ಒಂದೇ ತೊಂದರೆ ಇರುವವರು ಒಟ್ಟಿಗೆ ಕೂತು ಮಾತಾಡುವ ಚಿಕಿತ್ಸೆಗೆ, ಯಾವ ಪದ ಹಾಕಲಿ ಅನ್ನೋದು ನನ್ನ ಪ್ರಶ್ನೆ. ‘ಗುಂಪು ಚಿಕಿತ್ಸೆ’, ‘ಸಮೂಹ ಚಿಕಿತ್ಸೆ’ ಎರಡೂ ಬಳಕೆಯಲ್ಲಿವೆ. ಆದರೆ ಕೊರಟಗೆರೆ ಕಡೆಯಿಂದ ಗಂಡನನ್ನು ಕರೆತಂದಿದ್ದ ಒಬ್ಬ ಹೆಂಗಸು ಇದನ್ನು ಕೇಳಿ, “ಎಲ್ರಿಗೂ ಒಟ್ಟಿಗೇ ಸೂಜಿ ಹಾಕ್ತೀರಾ ಮೇಡಂ?” ಅಂದರು.

ಅವರಿಗೆ ಹಾಗೆ ಕೇಳಿಸಿದ್ದು ಸಹಜ. ಸಾಮೂಹಿಕ ವಿವಾಹ ಅಂದರೆ ಒಂದೇ ಚಪ್ಪರದಲ್ಲಿ ಹತ್ತಾರು ಮದುವೆ, ಅಲ್ವಾ? ಜೊತೆಗೆ ನಮ್ಮ ಸಮಾಸದಲ್ಲಿ ವಿಭಕ್ತಿ ಬಿದ್ದುಹೋಗುತ್ತೆ. ‘ಪಶುಚಿಕಿತ್ಸೆ’ ಅಂದರೆ ಪಶುವಿಗೆ ಮಾಡುವುದು. ‘ಜಲಚಿಕಿತ್ಸೆ’ ಅಂದರೆ ನೀರಿಗೆ ಮಾಡುವುದಲ್ಲ, ನೀರಿನಿಂದ ಮಾಡುವುದು. ‘ಗುಂಪು ಚಿಕಿತ್ಸೆ’ಯನ್ನು ಜನ ಪಶುಚಿಕಿತ್ಸೆಯ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ನಿಜಕ್ಕೂ ಅದು ಜಲಚಿಕಿತ್ಸೆಯ ಸಾಲಿನದು. ಇಲ್ಲಿ ಗುಂಪೇ ಮದ್ದು.

ನಡೆಯುವುದು ಹೀಗೆ. ಎಂಟು ಹತ್ತು ಜನ ದುಂಡಗೆ ಕೂರುತ್ತಾರೆ. ವಾರಕ್ಕೊಮ್ಮೆ, ಒಂದು ಒಂದೂವರೆ ಗಂಟೆ. ಸಮಾಲೋಚಕರು ಮಾತು ದಾರಿ ತಪ್ಪದ ಹಾಗೆ ನೋಡಿಕೊಳ್ಳುತ್ತಾರೆ. ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಅನ್ನೋದು ಮೊದಲ ಕಟ್ಟಳೆ. ಆಡಿದವರ ಒಪ್ಪಿಗೆ ಪಡೆದು ಒಂದೇ ಒಂದು ಮಾತುಕತೆ ಬರೆಯುತ್ತೇನೆ. ಮೂಟೆ ಹೊರುವ ಒಬ್ಬರು, “ಬಟವಾಡೆ ದಿನ ಕಾಲು ತಾನೇ ಅಂಗಡಿ ಕಡೆ ತಿರುಗುತ್ತೆ” ಅಂದರು. ಎದುರಿಗೆ ಕೂತಿದ್ದ ಗಾರೆ ಕೆಲಸದವರು, “ನಂಗೂ ಹಂಗೇ ಆಗ್ತಿತ್ತು. ಈಗ ಬಟವಾಡೆ ದಿನ ಹೆಂಡ್ತೀನ ಸೈಟ್ ಹತ್ರಕ್ಕೇ ಬರೋಕೆ ಹೇಳ್ತೀನಿ, ದುಡ್ಡು ಅವ್ಳ ಕೈಗೆ ಕೊಟ್ಟು ಏರಿ ಮೇಲಿನ ದಾರೀಲಿ ಮನೆಗೆ ಹೋಗ್ತೀವಿ” ಅಂದರು. ಇದನ್ನೇ ನಾನು ಹೇಳಿದ್ದರೆ ಬುದ್ಧಿಮಾತು ಆಗುತ್ತಿತ್ತು. ಅವರ ಬಾಯಲ್ಲಿ ಬಂದಿದ್ದಕ್ಕೆ ಅದು ನಾಟಿತು.

ಹಾಗಾದರೆ ‘ಚಿಕಿತ್ಸೆ’ ಬಿಟ್ಟು ಕೂಟ, ಗೋಷ್ಠಿ ಅನ್ನಬಹುದಾ? ನನಗೆ ಒಗ್ಗುತ್ತಿಲ್ಲ. ‘ಪಾನಗೋಷ್ಠಿ’, ‘ಪಾನಕೂಟ’ ಕನ್ನಡದಲ್ಲಿ ಮೊದಲಿಂದ ಇರುವ ಪದಗಳು, ಎರಡೂ ಕುಡಿತಕ್ಕೇ ಅಂಟಿಕೊಂಡಿವೆ. ‘ಸಂಘ’ ಅಂದರೆ ನಮ್ಮ ಹಳ್ಳಿಗಳಲ್ಲಿ ಉಳಿತಾಯ, ಸಾಲದ ಕಂತು. ಇನ್ನೂ ದೊಡ್ಡ ಕಾರಣ ಒಂದಿದೆ. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ನಡುಕ, ಬೆವರು ಶುರುವಾಗುತ್ತೆ. ಕೆಲವರಿಗೆ ಫಿಟ್ಸ್ ಬರುತ್ತೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ ಜೀವಕ್ಕೇ ಅಪಾಯ ಆಗಬಹುದು. ಅದಕ್ಕೆ ಮೊದಲು ಡಾಕ್ಟರು, ಮಾತ್ರೆ, ಬಿ1 ವಿಟಮಿನ್. ಗುಂಪು ಆಮೇಲೆ. ಬರೀ ‘ಮಾತುಕತೆ’ ಅಂತ ಅಚ್ಚು ಹಾಕಿಸಿದರೆ ಮನೆಯವರು ಆಸ್ಪತ್ರೆಯನ್ನೇ ಬಿಟ್ಟುಬಿಡಬಹುದು ಅನ್ನೋ ಭಯ ನನಗೆ.

ಹೆಸರಿನ ತೊಡಕು ನಮಗೊಬ್ಬರಿಗೇ ಇದ್ದದ್ದಲ್ಲ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ಇಂಥ ಕೆಲಸ ಶುರುಮಾಡಿದಾಗ ಅದನ್ನು ‘ಕ್ಲಾಸ್’ ಅಂತ ಕರೆದರು. ನಮ್ಮಲ್ಲಿ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಯಲ್ಲಿ ಸೇರುತ್ತಾರೆ. ಆ ಹೆಸರು ನನಗೆ ತುಂಬಾ ಇಷ್ಟ. ಕುಡಿತದ ಸುದ್ದಿಯೇ ಅದರಲ್ಲಿಲ್ಲ.

ಜೊತೆಗೆ ಇನ್ನೊಂದು ಪದ, ‘ಸ್ಪಾನ್ಸರ್’. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋದು ಕುಡಿತ ಬಿಡಲು ಬಯಸುವವರು ತಾವೇ ಸೇರಿ ನಡೆಸುವ ಬಳಗ, 1935ರಲ್ಲಿ ಅಮೆರಿಕದ ಏಕ್ರನ್ ಊರಲ್ಲಿ ಶುರುವಾದದ್ದು. ಅದನ್ನು ಕಟ್ಟಿದವರು ಕುಡಿತದಿಂದ ನೊಂದಿದ್ದ ಇಬ್ಬರೇ. ಅಲ್ಲಿ ಗುಂಪು ನಡೆಸುವುದಕ್ಕೆ ವೈದ್ಯರಾಗಲಿ ಸಮಾಲೋಚಕರಾಗಲಿ ಇರುವುದಿಲ್ಲ, ಹಾಗಾಗಿ ಅದನ್ನೂ ಗ್ರೂಪ್ ಥೆರಪಿಯನ್ನೂ ಒಂದೇ ಅನ್ನುವಂತಿಲ್ಲ. ಅಲ್ಲಿ ಹೊಸಬರ ಕೈ ಹಿಡಿದು ನಡೆಸುವ ಹಳೇ ಸದಸ್ಯರನ್ನು ‘ಸ್ಪಾನ್ಸರ್’ ಅನ್ನುತ್ತಾರೆ. ‘ಪ್ರಾಯೋಜಕ’ ಅಂತ ಬರೆದರೆ ಟೀವಿ ಜಾಹೀರಾತು ನೆನಪಾಗುತ್ತೆ. ‘ಜೊತೆಗಾರ’ ಸಾಕಾ?

ಮತ್ತೆ ಕುಡಿಯಲು ಶುರುಮಾಡುವುದಕ್ಕೆ ‘ಮರುಕಳಿಕೆ’ ಅಂತಲೇ ಹಾಕಿದ್ದೇನೆ. ಜ್ವರ ಮರುಕಳಿಸಿತು ಅನ್ನುತ್ತೇವಲ್ಲ, ಹಾಗೆ. ‘ಮತ್ತೆ ಕೆಟ್ಟ’ ಅನ್ನುವ ಮಾತಿನಲ್ಲಿರುವ ಬೈಗುಳ ಇದರಲ್ಲಿಲ್ಲ.

ಸದ್ಯಕ್ಕೆ ನನ್ನ ಕೈಲಿರುವುದು ‘ಗುಂಪುಮಾತಿನ ಚಿಕಿತ್ಸೆ’. ಮಾತಿನಿಂದ ಅನ್ನೋದು ಗೊತ್ತಾಗುತ್ತೆ, ಚಿಕಿತ್ಸೆಯೂ ಉಳಿಯುತ್ತೆ. ಸ್ವಲ್ಪ ಉದ್ದ ಆಯಿತು, ನಿಜ. ಇದಕ್ಕಿಂತ ಹಗುರವಾದ ಪದ ಹೊಳೆದರೆ ತಿಳಿಸಿ. ಪಾವಗಡ, ಮುಳಬಾಗಿಲು, ಚಿಂತಾಮಣಿ ಕಡೆ ತೆಲುಗೂ ಕನ್ನಡವೂ ಬೆರೆತ ಊರುಗಳಲ್ಲಿ ಕೆಲಸ ಮಾಡುವವರು ಬಳಗದಲ್ಲಿದ್ದರೆ, ಅಲ್ಲಿಯ ಜನ ಇದನ್ನು ತಾವಾಗೇ ಏನಂತ ಕರೆಯುತ್ತಾರೆ ಅಂತ ದಯವಿಟ್ಟು ಬರೆಯಿರಿ.