ಡೀಸೆಲ್ ಲಾರಿಗೆ ಆಯಿಲ್ ಡ್ರೈನ್ ವಾಲ್ವ್: ಥ್ರೆಡ್, ಉಳಿಯುವ ಆಯಿಲ್, ಲಿವರ್ ದಿಕ್ಕು

ಹೊಸಚಕ್ರ ಕೇಳಿದ್ದು:

ಆರು ಸಿಲಿಂಡರ್ ಡೀಸೆಲ್ ಲಾರಿ, ಎಂಜಿನ್‌ಗೆ 16 ಲೀಟರ್ 15ಡಬ್ಲ್ಯೂ-40 ಆಯಿಲ್ ಹಿಡಿಯುತ್ತೆ. ಎಂಜಿನ್ ತಳದ ಆಯಿಲ್ ಚೇಂಬರ್ ಉಕ್ಕಿನ ತಗಡಿನದು, ಆಯಿಲ್ ಇಳಿಸೋ ತೂತು ಮುಚ್ಚೋ ಡ್ರೈನ್ ನಟ್ ನೇರ ಕೆಳಮುಖ. ಅದನ್ನು ತೆಗೆದು ಲಿವರ್ ಇರೋ ಡ್ರೈನ್ ವಾಲ್ವ್ ಕೂರಿಸೋಣ ಅಂತಿದೀನಿ. ಮೂರು ಅನುಮಾನ. ನಲ್ಲಿ ಪೈಪಿಗೆ ಹಾಕೋ ಅರ್ಧ ಇಂಚಿನ ಬಾಲ್ ವಾಲ್ವ್ ನಡೆಯುತ್ತಾ? ಥ್ರೆಡ್ ಯಾವುದು ಅಂತ ಸರಿಯಾಗಿ ಗೊತ್ತು ಮಾಡ್ಕೊಳ್ಳೋದು ಹೇಗೆ? ವಾಲ್ವ್ ಹಾಕಿದ್ರೆ ತಳದ ಆಯಿಲ್ ಪೂರ್ತಿ ಇಳಿಯಲ್ಲ ಅಂತಾರೆ, ಅದಕ್ಕೇನಾದ್ರೂ ದಾರಿ ಇದೆಯಾ?

ವರ್ನಿಯರ್:

ನಲ್ಲಿ ವಾಲ್ವ್ ಬೇಡವೇ ಬೇಡ. ಅರ್ಧ ಇಂಚಿನ ಪೈಪ್ ಥ್ರೆಡ್ಡಿನ ಹೊರವ್ಯಾಸ ಸುಮಾರು 20.95 ಮಿ.ಮೀ., ಇಂಚಿಗೆ 14 ಥ್ರೆಡ್, ಅಂದರೆ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರ) 1.81 ಮಿ.ಮೀ. ನಿಮ್ಮ ನಟ್ ಎಂ22×1.5 (ಹೊರವ್ಯಾಸ 22, ಪಿಚ್ 1.5 ಮಿ.ಮೀ.) ಆಗಿದ್ದರೆ ಇದು ಸಡಿಲವಾಗಿ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಕೂತಿತು ಅನಿಸುತ್ತದೆ, ಆದರೆ ಹಿಡಿದಿರುವುದು ಥ್ರೆಡ್ಡಿನ ತುದಿ ಮಾತ್ರ. ಕೊನೆಗೆ ಹಾಳಾಗುವುದು ಚೇಂಬರಿನ ಥ್ರೆಡ್. ಟೇಪ್ ಸುತ್ತಿ ಸರಿ ಮಾಡುವ ಯೋಚನೆಯೂ ಬೇಡ, ಟೇಪಿನ ಚೂರು ಹರಿದು ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಇನ್ನೊಂದು ತೊಂದರೆ, ನಲ್ಲಿ ವಾಲ್ವಿನ ಹಿಡಿಗೆ ಲಾಕ್ ಇಲ್ಲ. ಒಂದು ಟೊಂಗೆ ತಗುಲಿದರೂ ತೆರೆದುಕೊಳ್ಳಬಹುದು. ಡ್ರೈನ್ ವಾಲ್ವಿನಲ್ಲಿ ಲಿವರನ್ನು ಮೊದಲು ಸ್ಪ್ರಿಂಗಿಗೆ ಎದುರಾಗಿ ಎತ್ತಿ ಆಮೇಲೆ ತಿರುಗಿಸಬೇಕು. ಎರಡು ಚಲನೆ ಬೇಕಾಗುವುದರಿಂದ ತಾನಾಗಿ ತೆರೆಯುವ ಭಯ ಕಡಿಮೆ.

ಥ್ರೆಡ್ ಅಳೆಯಲು ಹಳೆಯ ನಟ್ ಕೈಯಲ್ಲಿರಬೇಕು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಹೊರವ್ಯಾಸ ನೋಡಿ: 21.8 ಬಂದರೆ ಅದು ಎಂ22, 17.8 ಬಂದರೆ ಎಂ18. ಪಿಚ್ ಗೇಜ್ ಇಲ್ಲದಿದ್ದರೆ ಥ್ರೆಡ್ಡಿನ ಒಂದು ಏಣಿನಿಂದ ಎಣಿಸಿ ಹತ್ತು ಹೆಜ್ಜೆ ದೂರ ಅಳೆಯಿರಿ. 15 ಮಿ.ಮೀ. ಬಂದರೆ ಪಿಚ್ 1.5. ಸ್ಪ್ಯಾನರ್ ಸೈಜ್ ನೋಡಿ ಥ್ರೆಡ್ ಊಹಿಸಬೇಡಿ, ಎರಡಕ್ಕೂ ಸಂಬಂಧವಿಲ್ಲ.

ಬಿಗಿಸುವಾಗ ಒಂದು ಎಚ್ಚರ. ಉಕ್ಕಿನ ನಟ್ಟಿಗೆ ಕೈಪಿಡಿಯಲ್ಲಿ ಕೊಟ್ಟ ಟಾರ್ಕ್ (ಬಿಗಿಸುವ ಬಲದ ಅಳತೆ) ಹಿತ್ತಾಳೆ ವಾಲ್ವಿಗೆ ಸಲ್ಲದು. ಒಳಗೆ ಟೊಳ್ಳು, ಕತ್ತು ತೆಳು, ಮುರಿದರೆ ಥ್ರೆಡ್ಡಿನ ತುಂಡು ಚೇಂಬರಲ್ಲೇ ಉಳಿಯುತ್ತದೆ. ವಾಲ್ವಿನ ಜೊತೆ ಬರುವ ಚೀಟಿಯಲ್ಲಿರುವ ಅಂಕಿಯೇ ಪ್ರಮಾಣ. ಅದಿಲ್ಲದಿದ್ದರೆ ಹೊಸ ವಾಷರ್ ಹಾಕಿ, ಕೈಯಲ್ಲಿ ಪೂರ್ತಿ ಕೂರಿಸಿ, ಸ್ಪ್ಯಾನರ್‌ನಿಂದ ಕಾಲು ಸುತ್ತು. ಸೋರಿಕೆ ತಡೆಯುವುದು ವಾಷರ್, ಥ್ರೆಡ್ ಅಲ್ಲ. ಅಲ್ಲಿ ಪಂಪಿನ ಒತ್ತಡವೂ ಇರುವುದಿಲ್ಲ, ನಿಂತ ಆಯಿಲಿನ ಭಾರ ಅಷ್ಟೇ. ಆದ್ದರಿಂದ ಜಿನುಗಿದರೆ ಮತ್ತಷ್ಟು ಬಿಗಿಸಬೇಡಿ, ಚೇಂಬರಿನ ಮುಖದಲ್ಲಿ ಗೀರು ಅಥವಾ ಹಳೆ ವಾಷರಿನ ಅಂಟು ಇದೆಯೇ ನೋಡಿ.

ಲೇತ್‌ಕೆಲಸ:

ತಳದಲ್ಲಿ ಆಯಿಲ್ ಉಳಿಯುತ್ತದೆ ಅನ್ನುವುದು ನಿಜ. ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ವಾಲ್ವಿನ ಥ್ರೆಡ್ ಒಳಗೆ 5 ಮಿ.ಮೀ. ಎದ್ದು ನಿಂತಿದ್ದು, ಚೇಂಬರಿನ ತಗ್ಗು ಭಾಗ 30×20 ಸೆಂ.ಮೀ. ಇದ್ದರೆ 300 ಮಿ.ಲೀ. ಉಳಿಯಿತು. 16 ಲೀಟರಿನಲ್ಲಿ ಇದು ಶೇಕಡಾ ಎರಡೂ ಇಲ್ಲ. ಪ್ರಮಾಣದ ದೃಷ್ಟಿಯಿಂದ ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ಆದರೆ ಡೀಸೆಲ್ ಎಂಜಿನ್ನಿನ ಮಸಿ, ಗಸಿ ಎಲ್ಲಾ ತಳ ಹಿಡಿಯುವುದು ಆ 5 ಮಿ.ಮೀ.ನಲ್ಲೇ.

ಸುಲಭದ ಮಾರ್ಪಾಡು ಎಂದರೆ ಒಳಗೆ ಚಾಚುವ ಭಾಗವನ್ನು ಕತ್ತರಿಸಿಬಿಡುವುದು. ಅದು ಯಾವ ಹಿಡಿತವನ್ನೂ ಕೊಡುತ್ತಿರುವುದಿಲ್ಲ. ತೂತಿನ ದಪ್ಪವನ್ನು ಬಾಗಿಸಿದ ತಂತಿಯಿಂದ ಅಳೆಯಿರಿ, ಅದಕ್ಕೆ ವಾಷರಿನ ದಪ್ಪ ಸೇರಿಸಿ. ವಾಲ್ವಿನ ಥ್ರೆಡ್ 16 ಮಿ.ಮೀ., ತೂತು 9, ವಾಷರ್ 2 ಅಂದರೆ ಹೆಚ್ಚಾಗಿರುವುದು 5. ಅಷ್ಟನ್ನು ಲೇತ್‌ನಲ್ಲಿ ತೆಗೆಸಬಹುದು. ಹ್ಯಾಕ್‌ಸಾ ಸಾಕು ಅನ್ನುವವರು ಮೊದಲು ಅದೇ ಥ್ರೆಡ್ಡಿನ ಒಂದು ಉಕ್ಕಿನ ನಟ್ (ಒಳಗಡೆ ಥ್ರೆಡ್ ಇರುವುದು) ಏರಿಸಿಕೊಂಡು ಆಮೇಲೆ ಕತ್ತರಿಸಿ, ಅರದಿಂದ ಅಂಚು ಸವರಿ. ನಟ್ ತಿರುಗಿಸಿ ಹೊರತೆಗೆಯುವಾಗ ತುದಿಯ ಥ್ರೆಡ್ ತಾನೇ ಸರಿಯಾಗುತ್ತದೆ. ಹಿತ್ತಾಳೆಯ ಪುಡಿ ಬಾಲ್ (ವಾಲ್ವಿನ ದಾರಿ ಮುಚ್ಚುವ ಗುಂಡು) ಇರುವ ಜಾಗಕ್ಕೆ ಇಳಿಯದಂತೆ ಗ್ರೀಸ್ ಸವರಿದ ಬಟ್ಟೆ ತುರುಕಿರಿ. ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯುವ ತನಕ ಲಿವರ್ ಮುಟ್ಟಬೇಡಿ, ಪುಡಿ ಸಿಕ್ಕಿ ಬಾಲ್ ಕೂರುವ ಸೀಟ್ ಗೀರಿದರೆ ಹೊಸ ವಾಲ್ವೇ ಹನಿಯುತ್ತದೆ.

ಪೂರ್ತಿ ಕತ್ತರಿಸಲು ಮನಸ್ಸಿಲ್ಲದಿದ್ದರೆ ಎದುರುಬದುರಾಗಿ 3 ಮಿ.ಮೀ. ಅಗಲದ ಎರಡು ಸೀಳು ಹಾಕಿ, ತಳದ ಮಟ್ಟಕ್ಕೆ ನಿಲ್ಲಿಸಿ. ಕೆಲಸ ಅದೇ ಆಗುತ್ತದೆ, ಆದರೆ ಗಸಿ ಸೀಳಿನಲ್ಲಿ ಕಟ್ಟಿಕೊಳ್ಳುವುದುಂಟು.

ಇಷ್ಟೆಲ್ಲಾ ಮಾಡುವ ಮೊದಲು ತೂತಿನೊಳಗೆ ಬೆರಳು ಹಾಕಿ ನೋಡಿ. ತಗಡಿನ ಚೇಂಬರ್‌ಗಳಲ್ಲಿ ಹಲವಕ್ಕೆ ಡ್ರೈನ್ ನಟ್ ಕೂರುವ, ವೆಲ್ಡ್ ಮಾಡಿದ ನಟ್ ಒಳಗಡೆಯೇ ಎದ್ದಿರುತ್ತದೆ. ಹಾಗಿದ್ದರೆ ಕಂಪನಿಯ ನಟ್ ಬಿಚ್ಚಿದಾಗಲೂ ಆ ಮಟ್ಟಕ್ಕೆ ಆಯಿಲ್ ನಿಂತೇ ಇರುತ್ತಿತ್ತು. ವಾಲ್ವ್ ಆ ನಟ್ಟಿಗಿಂತ ಮೇಲೆ ಬರದಿದ್ದರೆ ಸಾಕು, ಕತ್ತರಿಸಿ ಲಾಭವಿಲ್ಲ.

ತಗ್ಗುದಾರಿ:

ನಟ್ ನೇರ ಕೆಳಮುಖ ಅಂತ ಬರೆದಿದ್ದೀರಿ, ನನಗೆ ಭಯ ಅಲ್ಲೇ. ಮುಂದಿನ ಆಕ್ಸಲ್‌ನಿಂದ ಹಿಂದಿನ ಕ್ರಾಸ್ ಮೆಂಬರ್‌ (ಚಾಸಿಯ ಅಡ್ಡಪಟ್ಟಿ) ವರೆಗೆ ಒಂದು ನೇರ ಪಟ್ಟಿ ಹಿಡಿದು ನೋಡಿ. ವಾಲ್ವ್ ಆ ಗೆರೆಗಿಂತ ಕೆಳಗೆ ಇಣುಕಿದರೆ ಹಾಕಲೇಬೇಡಿ. ಕಲ್ಲು ಬಡಿದು ಕತ್ತು ಮುರಿದರೆ ಒತ್ತಡದ ದೀಪ ಹತ್ತಿ ನೀವು ಎಂಜಿನ್ ಆಫ್ ಮಾಡುವಷ್ಟರಲ್ಲಿ ಬೇರಿಂಗ್‌ಗಳ ಕತೆ ಮುಗಿದಿರಬಹುದು. ಪ್ಲಾಸ್ಟಿಕ್ ಚೇಂಬರಿಗಂತೂ ಇದು ಹೇಳಿದ್ದೇ ಅಲ್ಲ. ಹಳೆ ನಟ್ಟಿನ ತುದಿಯಲ್ಲಿ ಅಯಸ್ಕಾಂತ ಇದೆಯಾ ಅಂತಲೂ ನೋಡಿ. ಇದ್ದರೆ ವಾಲ್ವ್ ಹಾಕಿದ ಮೇಲೆ ಅದು ಇಲ್ಲ, ಕಬ್ಬಿಣದ ಪುಡಿ ಹೆಚ್ಚಾಗುತ್ತಿರುವ ಸುಳಿವೂ ಇಲ್ಲ.

ಹೊಸಚಕ್ರ:

ಪಟ್ಟಿ ಹಿಡಿದು ನೋಡಿದೆ, ಆಕ್ಸಲ್ ಗೆರೆಗಿಂತ 40 ಮಿ.ಮೀ. ಮೇಲಿದೆ. ಅಯಸ್ಕಾಂತ ಇಲ್ಲ. ಒಳಗೆ ವೆಲ್ಡ್ ನಟ್ ಇದೆ, ಹಾಗಾಗಿ ಕತ್ತರಿಸಲ್ಲ. ಆದ್ರೆ ಕೈಯಲ್ಲಿ ಕೂರಿಸಿ ನೋಡಿದಾಗ ಲಿವರ್ ಮುಂದಕ್ಕೆ ಮುಖ ಮಾಡಿ ನಿಲ್ಲುತ್ತೆ, ಟೊಂಗೆ ತಗುಲೋ ಭಯ. ಹಿಂದಕ್ಕೆ ತಿರುಗಿಸೋಕೆ ಅರ್ಧ ಸುತ್ತು ಜಾಸ್ತಿ ಬಿಗಿಸಬೇಕಾಗುತ್ತೆ. ಬಿಗಿಸಲಾ?

ವರ್ನಿಯರ್:

ಬಿಗಿಸಬೇಡಿ, ಸಡಿಲವಾಗಿಯೂ ಬಿಡಬೇಡಿ. ವಾಷರಿನ ದಪ್ಪ ಬದಲಿಸಿ. ಪಿಚ್ 1.5 ಇದ್ದಾಗ ಪೂರ್ತಿ ಒಂದು ಸುತ್ತಿಗೆ 1.5 ಮಿ.ಮೀ., ಅರ್ಧ ಸುತ್ತಿಗೆ 0.75. ಈಗಿನ ವಾಷರ್ 2 ಮಿ.ಮೀ. ಇದ್ದರೆ 1.25ರ ತಾಮ್ರದ ವಾಷರ್ ಹಾಕಿದಾಗ ವಾಲ್ವ್ ಅರ್ಧ ಸುತ್ತು ಮುಂದೆ ಹೋಗಿ ಬಿಗಿಯಾಗುತ್ತದೆ. 2.75 ಹಾಕಿದರೆ ಅರ್ಧ ಸುತ್ತು ಮೊದಲೇ ನಿಲ್ಲುತ್ತದೆ, ಆದರೆ ಒಳಗಿನ ಹಿಡಿತ ಅಷ್ಟೇ ಕಡಿಮೆಯಾಗುತ್ತದೆ. ತೆಳು ವಾಷರೇ ಒಳ್ಳೆಯದು. ಎರಡು ವಾಷರ್ ಜೋಡಿಸುವುದು, ಅಡಾಪ್ಟರ್ ಸೇರಿಸುವುದು ಎರಡೂ ಸೋರುವ ಜಾಗವನ್ನು ಹೆಚ್ಚಿಸುತ್ತವೆ.

ಲೇತ್‌ಕೆಲಸ:

ಆಯಿಲ್ ಇಳಿಸುವಾಗ ತಾಳ್ಮೆ ಇರಲಿ. ಮೂಲ ತೂತು 20 ಮಿ.ಮೀ., ವಾಲ್ವಿನ ಒಳದಾರಿ 12 ಅಂದರೆ ವಿಸ್ತೀರ್ಣ ಮೂರನೇ ಒಂದು ಭಾಗದಷ್ಟು. ಹೊತ್ತೂ ಸುಮಾರು ಮೂರು ಪಟ್ಟು. ಆಯಿಲ್ 50-60 ಡಿಗ್ರಿ ಇರುವಾಗ, ಮೇಲಿನ ಫಿಲ್ಲರ್ ಮುಚ್ಚಳ ತೆಗೆದಿಟ್ಟು ಇಳಿಸಿ. ಮುಚ್ಚಳ ಹಾಕಿದ್ದರೆ ಗುಳುಗುಳು ಅಂತ ತಡೆದು ತಡೆದು ಬರುತ್ತದೆ. ಲಿವರನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಗಸಿ ಬಾಲ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹೋಸ್ ಹಾಕುವುದಾದರೆ ಇಳಿಸುವ ಹೊತ್ತಿಗೆ ಮಾತ್ರ, ಓಡುವ ಲಾರಿಯಲ್ಲಿ ನೇತಾಡಲು ಬಿಡಬಾರದು. ಬಾಯಿಗೆ ರಬ್ಬರ್ ಟೋಪಿ ಇರಲಿ, ಲಿವರಿಗೆ ಲಾಕ್ ಕ್ಲಿಪ್ ಹಾಕಿ. ಮೊದಲ ಸಲ ಎಂಜಿನ್ ಬಿಸಿಯಾದ ಮೇಲೆ ಟೋಪಿ ತೆಗೆದು ನೋಡಿ: ಒಳಗೆ ಆಯಿಲ್ ಕಂಡರೆ ಬಾಲ್ ಸೀಟ್ ಹನಿಯುತ್ತಿದೆ, ಹೊರಗಡೆ ವಾಷರಿನ ಸುತ್ತ ಕಂಡರೆ ವಾಷರ್ ಕೂತಿಲ್ಲ.